ಪರವಾನಗಿ ಸಹಿಗಷ್ಟೇ, ಕೆಲಸಕ್ಕೆ ಯಾರು ಹೊಣೆ?

ಬೆಂಗಳೂರಿನ ಯಾವುದೇ ಕಟ್ಟಡದ ಗೋಡೆಯೊಳಗೆ ಎರಡು ಜಾಲಗಳು ಹುದುಗಿರುತ್ತವೆ. ಒಂದು ವಿದ್ಯುತ್ ತಂತಿಯದು, ಇನ್ನೊಂದು ನೀರಿನ ಪೈಪಿನದು. ತಂತಿ ಎಳೆಯುವ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನಲ್ಲದೆ ಬೇರೆಯವರು ಕೈಗೊಳ್ಳುವಂತಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದಲ್ಲಿದ್ದ ಈ ನಿರ್ಬಂಧವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿಯೂ ಬಳಿಕ 2023ರಲ್ಲಿಯೂ ಹೊರಡಿಸಿದ ಸುರಕ್ಷತಾ ನಿಯಮಾವಳಿಗಳು ಉಳಿಸಿಕೊಂಡು ಬಂದಿವೆ. ಗುತ್ತಿಗೆದಾರನಿಗೆ ಪರವಾನಗಿ, ಅವನ ಕೈಕೆಳಗಿನ ಮೇಲ್ವಿಚಾರಕನಿಗೂ ವೈರ್‌ಮನ್‌ಗೂ ಪ್ರತ್ಯೇಕ ಪರ್ಮಿಟ್; ಕೆಲಸ ಮುಗಿದ ಮೇಲೆ ಪರೀಕ್ಷಾ ವರದಿಗೆ ಗುತ್ತಿಗೆದಾರನ ಸಹಿ. ದೋಷ ಕಂಡುಬಂದರೆ ಯಾರನ್ನು ಕೇಳಬೇಕೆಂಬುದು ಕಾಗದದ ಮೇಲೆ ಸ್ಪಷ್ಟವಾಗಿರುತ್ತದೆ. ನೀರಿನ ಪೈಪಿಗೆ ಬಂದರೆ ಈ ಸರಣಿ ಬೀದಿಯಲ್ಲೇ ಕಡಿದುಹೋಗುತ್ತದೆ. ಜಲಮಂಡಳಿಯ ಕೊಳವೆಗೆ ಮನೆಯ ಪೈಪು ಕೂಡುವ ಒಂದು ಬಿಂದುವಿನಲ್ಲಿ ಮಾತ್ರ ಪರವಾನಗಿ ಪಡೆದ ಪ್ಲಂಬರ್ ಬೇಕು. ಅಲ್ಲಿಂದ ಒಳಗೆ ಸಂಪಿಗೆ, ಮೋಟಾರಿಗೆ, ಮೇಲಿನ ಟ್ಯಾಂಕಿಗೆ, ಮೂರು ನಾಲ್ಕು ಅಂತಸ್ತುಗಳ ಸ್ನಾನಗೃಹಗಳಿಗೆ ಪೈಪು ಹಾಕಿದವನು ಯಾರೆಂದು ಕೇಳುವವರಿಲ್ಲ.

ಈ ಲೋಪಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ, ಕಾಲದ ಅಂತರ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು 1964ರ ಕಾಯ್ದೆಯ ಅನ್ವಯ ಸ್ಥಾಪಿತವಾಯಿತು. ಆಗ ನಗರಕ್ಕೆ 1896ರಿಂದ ಹೆಸರಘಟ್ಟದ ನೀರು, 1933ರಿಂದ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬರುತ್ತಿತ್ತು. ಕಾವೇರಿಯ ಮೊದಲ ಹಂತ ತಲಪಿದ್ದು 1974ರಲ್ಲಿ. ಅಂದಿನ ಸಾಮಾನ್ಯ ಮನೆಯಲ್ಲಿ ಅಂಗಳಕ್ಕೊಂದು, ಬಚ್ಚಲಿಗೊಂದು ನಲ್ಲಿ ಇದ್ದರೆ ಅದೇ ಅನುಕೂಲಸ್ಥರ ಲಕ್ಷಣ. ಬೀದಿಯ ಕೊಳವೆಯಿಂದ ಸಂಪರ್ಕ ಕೊಡುವುದೇ ಹೆಚ್ಚುಕಡಿಮೆ ಸಂಪೂರ್ಣ ಪ್ಲಂಬಿಂಗ್ ಕೆಲಸವಾಗಿತ್ತು. ಆದುದರಿಂದ ಸಂಪರ್ಕಕ್ಕೆ ಪರವಾನಗಿ ಎಂದರೆ ಕೆಲಸಕ್ಕೇ ಪರವಾನಗಿ ಎಂದಾಗುತ್ತಿತ್ತು. ಇಂದಿನ ಮೂವತ್ತು ನಲವತ್ತರ ನಿವೇಶನದ ಮನೆಯಲ್ಲೂ ಸಂಪು, ಮೋಟಾರು, ಓವರ್‌ಹೆಡ್ ಟ್ಯಾಂಕು, ಬೋರ್‌ವೆಲ್ ಮಾರ್ಗ, ಸೋಲಾರ್ ಹೀಟರಿನ ಬಿಸಿನೀರಿನ ಮಾರ್ಗ ಇವೆಲ್ಲ ಸೇರಿವೆ. 2009ರ ತಿದ್ದುಪಡಿಯ ನಂತರ ಮಳೆನೀರು ಕೊಯ್ಲಿನ ವ್ಯವಸ್ಥೆಯೂ ಸೇರಿತು. ದೊಡ್ಡ ವಸತಿ ಸಂಕೀರ್ಣಗಳಲ್ಲಿ ಶುದ್ಧೀಕರಿಸಿದ ತ್ಯಾಜ್ಯ ನೀರಿಗೆ ಬೇರೆಯೇ ಪೈಪಿನ ಸಾಲು ಇರುತ್ತದೆ. ಕೆಲಸ ಹತ್ತು ಪಟ್ಟು ಬೆಳೆದು ಒಳಗೆ ಹೋಯಿತು. ಪರವಾನಗಿ ಮಾತ್ರ ಗೇಟಿನ ಬಳಿಯೇ ನಿಂತಿತು.

ಹೀಗೆ ನಿಂತುಹೋದ ಪರವಾನಗಿಗೆ ಪೇಟೆ ತನ್ನದೇ ಆದ ಬಳಕೆಯನ್ನು ಕಂಡುಕೊಂಡಿತು. ಕಟ್ಟಡದ ಕೆಲಸವನ್ನೆಲ್ಲ ಒಬ್ಬ ಮೇಸ್ತ್ರಿ ತನ್ನ ನಾಲ್ಕು ಹುಡುಗರೊಂದಿಗೆ ಮಾಡಿ ಮುಗಿಸುತ್ತಾನೆ. ಸಂಪರ್ಕದ ಸಮಯ ಬಂದಾಗ ಪರವಾನಗಿ ಇರುವವರೊಬ್ಬರನ್ನು ಹುಡುಕಿ, ಅರ್ಜಿಗೆ ಸಹಿ ಹಾಕಿಸಿ, ಅದಕ್ಕೊಂದು ಮೊತ್ತವನ್ನು ಕೊಡಲಾಗುತ್ತದೆ. ಸಹಿ ಹಾಕಿದವರು ಒಳಗಿನ ಪೈಪನ್ನು ನೋಡಿರುವುದಿಲ್ಲ. ನೋಡಬೇಕೆಂದು ಯಾರೂ ಅಪೇಕ್ಷಿಸುವುದೂ ಇಲ್ಲ. ಕೆಲಸ ಬಲ್ಲವನಿಗೆ ಪರವಾನಗಿ ಇಲ್ಲ, ಪರವಾನಗಿ ಇರುವವನಿಗೆ ಆ ಕೆಲಸದ ಗೊಡವೆ ಇಲ್ಲ. ಇಂತಹ ಏರ್ಪಾಡು ಎಲ್ಲ ಕಡೆಯೂ ಇದೆಯೆಂದು ಹೇಳಿದರೆ ಪ್ರಾಮಾಣಿಕವಾಗಿ ದುಡಿಯುವ ಪರವಾನಗಿದಾರರಿಗೆ ಅನ್ಯಾಯವಾದೀತು. ಆದರೆ ಕಟ್ಟಡ ಸಾಮಗ್ರಿಯ ವ್ಯಾಪಾರದಲ್ಲಿ ಕೆಲವು ವರ್ಷ ಕಳೆದವರಿಗೆ ಇದು ಹೊಸ ಸುದ್ದಿಯೇನೂ ಅಲ್ಲ. ಹಿಂದೆ ಕೆರೆಯ ತೂಬಿಗೆ ನೀರಗಂಟಿ ಇದ್ದ. ಗದ್ದೆಗೆ ನೀರು ಹರಿಯದಿದ್ದರೆ ಹೋಗಿ ಕೇಳಲು ಊರಿಗೆ ಒಬ್ಬ ಗೊತ್ತಾದ ಮನುಷ್ಯನಿದ್ದ. ನಗರದ ಮನೆಯೊಳಗಿನ ನೀರಿಗೆ ಅಂತಹ ಗೊತ್ತಾದ ಮನುಷ್ಯನಿಲ್ಲ.

ಸೋರುವ ನಲ್ಲಿಯೊಂದೇ ಇದರ ಪರಿಣಾಮವಾಗಿದ್ದರೆ ವಿಷಯವನ್ನು ಇಷ್ಟು ಎಳೆಯುವ ಅಗತ್ಯವಿರಲಿಲ್ಲ. ಬೆಂಗಳೂರಿನ ಬಹುಪಾಲು ಬಡಾವಣೆಗಳಿಗೆ ನೀರು ದಿನವಿಡೀ ಬರುವುದಿಲ್ಲ. ನಿಗದಿಯಾದ ದಿನ, ನಿಗದಿಯಾದ ಕೆಲವು ಗಂಟೆ ಮಾತ್ರ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಕೆಲವೊಮ್ಮೆ ಹಿಂದಕ್ಕೆ ಎಳೆಯುವ ಶಕ್ತಿಯೂ ಉಂಟಾಗುತ್ತದೆ. ಆಗ ಒಳಬರುವ ಪೈಪಿನ ತುದಿ ಸಂಪಿನ ನೀರಿನಲ್ಲಿ ಮುಳುಗಿದ್ದರೆ ಸಂಪಿನ ನೀರು ಬೀದಿಯ ಕೊಳವೆಗೆ ಹೋಗುತ್ತದೆ. ಸೋರುವ ಜೋಡಣೆಯ ಪಕ್ಕದಲ್ಲಿ ಒಳಚರಂಡಿಯ ಚೇಂಬರ್ ಇದ್ದರೆ ಅಲ್ಲಿನ ಕೊಳಚೆ ಒಳಗೆ ಬರುತ್ತದೆ. ಕಾವೇರಿ ಮಾರ್ಗಕ್ಕೂ ಬೋರ್‌ವೆಲ್ ಮಾರ್ಗಕ್ಕೂ ಒಂದೇ ವಾಲ್ವಿನಲ್ಲಿ ಕೊಂಡಿ ಹಾಕಿ, ನೀರು ಹಿಂತಿರುಗದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಬಿಟ್ಟಿದ್ದರೆ ಒಂದು ಮನೆಯ ಗಡುಸು ನೀರು ನೆರೆಮನೆಯವರ ಕುಡಿಯುವ ನೀರಾಗುತ್ತದೆ. ಒಳಬರುವ ಪೈಪಿನ ಬಾಯಿಗೂ ಸಂಪಿನ ನೀರಿನ ಮಟ್ಟಕ್ಕೂ ನಡುವೆ ಗಾಳಿಯ ಅಂತರ ಬಿಡುವುದು, ಒಳಚರಂಡಿ ಪೈಪನ್ನೂ ಕುಡಿಯುವ ನೀರಿನ ಪೈಪನ್ನೂ ಒಂದೇ ಕಾಲುವೆಯಲ್ಲಿ ಒತ್ತಾಗಿ ಹಾಕದಿರುವುದು, ಗಾರೆ ಬೀಳುವ ಮುನ್ನ ಒತ್ತಡ ಪರೀಕ್ಷೆ ಮಾಡುವುದು ಇವು ದುಬಾರಿ ತಂತ್ರಜ್ಞಾನಗಳಲ್ಲ. ಕಲಿತವನಿಗೆ ಅರ್ಧ ದಿನದ ಕೆಲಸ. ಕಲಿಯದವನಿಗೆ ಹೀಗೊಂದು ಕೆಲಸ ಇದೆಯೆಂಬುದೇ ತಿಳಿಯದು. ಮನೆಯ ಯಜಮಾನನಿಗೆ ತನ್ನ ಗೋಡೆಯೊಳಗಿನ ತಪ್ಪು ಕಾಣುವುದಿಲ್ಲ, ಅದರ ಫಲವನ್ನು ಅನುಭವಿಸುವವನು ಹಲವು ವೇಳೆ ಬೀದಿಯ ಇನ್ನೊಬ್ಬ. ಕೊಳ್ಳುವವನ ಜಾಣ್ಮೆಯೇ ಸಾಕು, ಪರವಾನಗಿ ಬೇಡ ಎನ್ನುವ ವಾದ ಇತರ ಎಷ್ಟೋ ಕಸಬುಗಳಿಗೆ ಒಪ್ಪಬಹುದಾದರೂ ಇಲ್ಲಿ ಒಪ್ಪದಿರುವುದು ಇದೇ ಕಾರಣಕ್ಕೆ.

ಈಗಿನ ಸಂದರ್ಭದಲ್ಲಿ ವಿಷಯಕ್ಕೆ ತುರ್ತು ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತವು ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ತರುವ ಯೋಜನೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ಇದರಿಂದ ಸುಮಾರು 4 ಲಕ್ಷ ಹೊಸ ಸಂಪರ್ಕ ನೀಡುವ ಗುರಿಯನ್ನು ಪ್ರಕಟಿಸಲಾಗಿತ್ತು. ಈ ಪ್ರದೇಶದ ಮನೆಗಳು ಬಹುಮಟ್ಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿ ಕಟ್ಟಿದವು. ಹಳೆಯ ಸಂಪು, ಹಳೆಯ ಪೈಪುಗಳಿಗೆ ಹೊಸ ನೀರಿನ ಕೊಂಡಿ ಹಾಕುವಾಗಲೇ ಮೇಲೆ ಹೇಳಿದ ಬಗೆಯ ತಪ್ಪುಗಳು ನುಸುಳುವುದು ಹೆಚ್ಚು. ಇಷ್ಟು ದೊಡ್ಡ ಪ್ರಮಾಣದ ಕೆಲಸ ಪ್ಲಂಬಿಂಗ್ ಗುತ್ತಿಗೆದಾರರಿಗೂ ಪೈಪು, ಫಿಟ್ಟಿಂಗ್, ಮೀಟರ್, ಪಂಪು ಮಾರುವವರಿಗೂ ಪದೇ ಪದೇ ಬರುವಂಥದಲ್ಲ.

ವರ್ತಕರೂ ಸಣ್ಣ ಉತ್ಪಾದಕರೂ ಈ ಪ್ರಶ್ನೆಯನ್ನು ಪ್ಲಂಬರುಗಳ ಮನೆಮಾತೆಂದು ಬಿಟ್ಟುಬಿಡುವುದು ಸರಿಯಲ್ಲ. ಗೋಡೆ ಒದ್ದೆಯಾದಾಗ ಮೊದಲು ಬೈಗುಳ ಬೀಳುವುದು ಪೈಪಿಗೆ. ಎರಡನೆಯದು ಪೈಪು ಕೊಟ್ಟ ಅಂಗಡಿಗೆ. ಐ.ಎಸ್. 15778ರ ಗುರುತಿರುವ ಸಿಪಿವಿಸಿ ಪೈಪು ಬಿಸಿನೀರನ್ನು ತಡೆಯುತ್ತದೆ, ಐ.ಎಸ್. 4985ರ ಸಾಮಾನ್ಯ ಪಿವಿಸಿ ಪೈಪು ಅದಕ್ಕಾಗಿ ಮಾಡಿದ್ದಲ್ಲ. ಈ ಭೇದ ತಿಳಿಯದವನು ಸೋಲಾರ್ ಹೀಟರಿನ ಮಾರ್ಗಕ್ಕೆ ಕಡಮೆ ಬೆಲೆಯ ಪೈಪನ್ನು ಹಾಕುತ್ತಾನೆ. ಸಿಪಿವಿಸಿಗೆ ಅದಕ್ಕೆಂದೇ ಇರುವ ಸಾಲ್ವೆಂಟ್ ಸಿಮೆಂಟಿನ ಬದಲು ಕೈಗೆ ಸಿಕ್ಕಿದ ಡಬ್ಬಿಯನ್ನು ತೆರೆಯುತ್ತಾನೆ. ಕತ್ತರಿಸಿದ ಅಂಚಿನ ಚೂಪನ್ನು ಕೆರೆಯದೆ ತೂರಿಸುತ್ತಾನೆ. ಅಂಟು ಗಟ್ಟಿಯಾಗುವ ಮುನ್ನವೇ ನೀರು ಬಿಡುತ್ತಾನೆ. ಆರು ತಿಂಗಳಿಗೆ ಜೋಡಣೆ ಬಿಟ್ಟುಕೊಂಡಾಗ ಗ್ರಾಹಕನು ವಾರಂಟಿ ಪತ್ರ ಹಿಡಿದು ಬರುತ್ತಾನೆ. ದೊಡ್ಡ ಕಂಪನಿಗಳು ತಜ್ಞರನ್ನು ಕಳುಹಿಸಿ ಜೋಡಣೆಯ ದೋಷವೆಂದು ಬರೆಸಿಕೊಂಡು ಪಾರಾಗುತ್ತವೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಫಿಟ್ಟಿಂಗ್ ತಯಾರಿಸುವ ಸಣ್ಣ ಘಟಕಕ್ಕೆ ಆ ಅನುಕೂಲವಿಲ್ಲ. ಹೆಸರು ಕೆಡಬಾರದೆಂದು ಮಾಲನ್ನು ಬದಲಿಸಿ ಕೊಟ್ಟು ನಷ್ಟವನ್ನು ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಅನ್ಯರ ಕೈಯ ತಪ್ಪಿಗೆ ತೆರುವ ಈ ದಂಡ ಯಾವ ಲೆಕ್ಕಪತ್ರದಲ್ಲೂ ಪ್ರತ್ಯೇಕ ಶೀರ್ಷಿಕೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ಕಡೆ, ಗುತ್ತಿಗೆದಾರನಿಗೆ ಕಾಗದಪತ್ರಗಳು ಕಡಮೆಯೆಂದು ಯಾರೂ ಭಾವಿಸಬೇಕಿಲ್ಲ. ಅಂಗಡಿ ಅಥವಾ ಗೋದಾಮು ಇದ್ದರೆ ಪಾಲಿಕೆಯ ಉದ್ದಿಮೆ ಪರವಾನಗಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ವೃತ್ತಿ ತೆರಿಗೆ ಇವು ಹಾಗಿರಲಿ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ ಇಪ್ಪತ್ತು ಜನರಿಂದ ಆರಂಭಿಸಿ ಪರವಾನಗಿ ಕೇಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ಆ ಮಿತಿಯನ್ನು ಐವತ್ತಕ್ಕೆ ಏರಿಸಿದೆ. ಐದಾರು ಜನರನ್ನು ಕಟ್ಟಿಕೊಂಡು ದುಡಿಯುವ ಪ್ಲಂಬಿಂಗ್ ಗುತ್ತಿಗೆದಾರನಿಗೆ ಇವೆರಡೂ ದೂರದ ಮಾತೇ. ಅವನನ್ನು ನೇರವಾಗಿ ತಟ್ಟುವುದು ಜಿ.ಎಸ್.ಟಿ. ಸೇವೆಗೆ ವಾರ್ಷಿಕ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಸಾಮಗ್ರಿ ಸಹಿತ ಗುತ್ತಿಗೆ ಹಿಡಿದರೆ ಅದು ಕಾಮಗಾರಿ ಗುತ್ತಿಗೆಯಾಗಿ ಪೈಪಿನ ಬೆಲೆಯೂ ವಹಿವಾಟಿಗೆ ಸೇರುತ್ತದೆ. ಉದಾಹರಣೆಗೆ, ವರ್ಷಕ್ಕೆ 7 ಲಕ್ಷ ಕೂಲಿ ಮತ್ತು 15 ಲಕ್ಷದ ಸಾಮಗ್ರಿ ಸೇರಿ 22 ಲಕ್ಷವಾದರೆ ಅವನು ತೆರಿಗೆಯ ವ್ಯಾಪ್ತಿಗೆ ಬಂದನು, ದರ ಶೇಕಡ 18. ಅದೇ ಪೈಪನ್ನು ಮನೆಯ ಯಜಮಾನನೇ ಅಂಗಡಿಯಿಂದ ಕೊಂಡರೆ ಗುತ್ತಿಗೆದಾರನ ವಹಿವಾಟು 7 ಲಕ್ಷಕ್ಕೆ ನಿಲ್ಲುತ್ತದೆ. ಇದರಿಂದಾಗಿ ಸಣ್ಣ ಗುತ್ತಿಗೆದಾರನು ಸಾಮಗ್ರಿಯ ಗೋಜಿಗೇ ಹೋಗದೆ, "ಪೈಪು ನೀವೇ ತನ್ನಿ, ಕೂಲಿ ಮಾತ್ರ ನನಗೆ ಕೊಡಿ" ಎನ್ನುತ್ತಾನೆ. ತೆರಿಗೆಯ ದೃಷ್ಟಿಯಿಂದ ಅವನ ಲೆಕ್ಕ ಸರಿಯೇ. ಹೊಣೆಯ ದೃಷ್ಟಿಯಿಂದ ಮಾತ್ರ ಕೆಲಸ ಎರಡು ತುಂಡಾಯಿತು: ಸಾಮಗ್ರಿಗೆ ಅಂಗಡಿ, ಜೋಡಣೆಗೆ ಕೂಲಿಯವನು, ನಡುವಿನ ಸೋರಿಕೆಗೆ ಯಾರೂ ಇಲ್ಲ. ವಹಿವಾಟು 50 ಲಕ್ಷ ಮೀರದವರಿಗೆ ಶೇಕಡ 6ರ ರಾಜಿ ತೆರಿಗೆ ಪದ್ಧತಿ ಇದೆ. ಆದರೆ ಅದನ್ನು ಗ್ರಾಹಕನಿಂದ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ.

ಅನುಮತಿಗಳ ಕತೆ ಬೇರೆ. ಸಂಪರ್ಕಕ್ಕೆ ರಸ್ತೆ ಅಗೆಯಬೇಕಾದರೆ ಪಾಲಿಕೆಯ ಒಪ್ಪಿಗೆ ಬೇಕು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದಿವೆ. ಜಲಮಂಡಳಿ ಮಾತ್ರ ಒಂದೇ ಉಳಿದಿದೆ. ಹೀಗಿರುವಾಗ ಎರಡು ಪಾಲಿಕೆಗಳ ಗಡಿಯಲ್ಲಿ ಕೆಲಸ ಮಾಡುವ ಗುತ್ತಿಗೆದಾರನು ಎರಡು ಕಚೇರಿಗಳ ಪದ್ಧತಿ ಕಲಿಯಬೇಕಾಗಿ ಬರಬಾರದು. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಸ್ವಾಧೀನಾನುಭವ ಪತ್ರ, ಅಂದರೆ ಓ.ಸಿ. ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದೆಂಬ ಅದರ ನಿರ್ದೇಶನ ತತ್ತ್ವತಃ ಸರಿಯಾದದ್ದು. ಆದರೆ ಮುಂಗಡ ಪಡೆದು ಒಳಗಿನ ಕೆಲಸ ಮುಗಿಸಿ, ಕೊನೆಯ ಕಂತಿಗಾಗಿ ಸಂಪರ್ಕದ ದಿನ ಕಾಯುತ್ತಿದ್ದ ಗುತ್ತಿಗೆದಾರರ ಹಣ ಇದರಿಂದ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು. ಅವರಿಗೆ ಸಾಲಕ್ಕೆ ಮಾಲು ಕೊಟ್ಟ ಅಂಗಡಿಗಳ ಬಾಕಿಯೂ ಅದರೊಡನೆ ನಿಂತಿತು. 2025ರಲ್ಲಿ ರಾಜ್ಯ ಸರ್ಕಾರವು 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಾಸದ ಮನೆಗಳಿಗೆ ಓ.ಸಿ.ಯಿಂದ ವಿನಾಯಿತಿ ನೀಡಿದ ಮೇಲೆ ಒಂದು ವರ್ಗಕ್ಕೆ ಉಸಿರು ಬಂದಿತು. ಉಳಿದವರು ಇನ್ನು ಮುಂದೆ ಕರಾರು ಮಾಡಿಕೊಳ್ಳುವಾಗಲೇ ಕೊನೆಯ ಕಂತನ್ನು ಸಂಪರ್ಕಕ್ಕಲ್ಲ, ಒತ್ತಡ ಪರೀಕ್ಷೆಗೆ ಗಂಟು ಹಾಕುವುದು ವಿವೇಕ.

ಇಷ್ಟೆಲ್ಲ ಇರುವಾಗ ಇನ್ನೊಂದು ಪರವಾನಗಿಯೇ ಎಂಬ ಪ್ರಶ್ನೆ ಸಹಜ. ಪರವಾನಗಿ ರಾಜ್ಯದ ಕಹಿಯನ್ನು ಉಂಡವರು ವಾಣಿಜ್ಯ ಮಂಡಳಿಗಳ ಸದಸ್ಯರಲ್ಲಿ ಇನ್ನೂ ಇದ್ದಾರೆ. ಪರವಾನಗಿದಾರರು ತಮ್ಮ ಸಂಖ್ಯೆಯನ್ನು ಕಡಮೆ ಇಟ್ಟುಕೊಂಡು ದರ ಏರಿಸಿಯಾರೆಂಬ ಭಯವೂ ನಿರಾಧಾರವಲ್ಲ. ಆದರೆ ಇಲ್ಲಿ ಬೇಕಾಗಿರುವುದು ಹೊಸದೊಂದು ಕಾಗದವಲ್ಲ. ಇರುವ ಕಾಗದದ ಅರ್ಥ ಬದಲಾಗುವುದು. ಈಗಿನ ಪರವಾನಗಿ ಅರ್ಜಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ. ಅದು ಕೆಲಸದ ಹೊಣೆಯನ್ನು ಹೊರಿಸಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೆಯ ಭಾಗವು ಪ್ಲಂಬಿಂಗ್ ಕೆಲಸವನ್ನು ಪರವಾನಗಿ ಅಥವಾ ನೋಂದಣಿ ಪಡೆದ ಪ್ಲಂಬರನ ಮೇಲ್ವಿಚಾರಣೆಯಲ್ಲೇ ನಡೆಸಬೇಕೆಂದು ಹೇಳುತ್ತದೆ. 2005ರ ಆವೃತ್ತಿಯಲ್ಲೂ 2016ರ ಆವೃತ್ತಿಯಲ್ಲೂ ಇದು ಇದೆ. ಸಂಹಿತೆಯ ಮಾತು ಸ್ಥಳೀಯ ನಿಯಮದಲ್ಲಿ ಸೇರುವವರೆಗೆ ಸಲಹೆ ಮಾತ್ರ. ಅದನ್ನು ನಿಯಮವಾಗಿಸುವ ಕೆಲಸ ರಾಜ್ಯದ್ದು.

ವಿದ್ಯುತ್ ಗುತ್ತಿಗೆದಾರರ ಮಾದರಿ ಕಣ್ಣೆದುರಿಗೇ ಇರುವುದರಿಂದ ಹೊಸದಾಗಿ ಕಂಡುಹಿಡಿಯಬೇಕಾದ್ದು ಹೆಚ್ಚಿಲ್ಲ. ಗುತ್ತಿಗೆದಾರನಿಗೊಂದು, ಕೈಕೆಲಸದ ಪ್ಲಂಬರನಿಗೊಂದು, ಹೀಗೆ ಎರಡೇ ಹಂತಗಳು ಸಾಕು. ಪರವಾನಗಿ ಇಡೀ ರಾಜ್ಯಕ್ಕೆ ಅನ್ವಯಿಸಬೇಕು. ಜಲಮಂಡಳಿಯ ಪರವಾನಗಿಗೆ ಜಲಮಂಡಳಿಯ ವ್ಯಾಪ್ತಿಯೇ ಎಲ್ಲೆ. ಬೆಂಗಳೂರಿನಲ್ಲಿ ಅರ್ಹನಾದವನು ತುಮಕೂರಿಗೆ ಹೋದೊಡನೆ ಅನರ್ಹನಾಗುವುದರಲ್ಲಿ ಅರ್ಥವಿಲ್ಲ. ವಾಷರ್ ಬದಲಿಸುವುದು, ನಲ್ಲಿ ಬದಲಿಸುವುದು ಮುಂತಾದ ಬಿಡಿ ದುರಸ್ತಿಗಳನ್ನು ಪರವಾನಗಿಯಿಂದ ಹೊರಗಿಡಬೇಕು. ಇಲ್ಲವಾದರೆ ನಿಯಮ ಮೊದಲ ದಿನವೇ ನಗೆಪಾಟಲಾಗುತ್ತದೆ. ಹೊಸ ಮಾರ್ಗ, ಕುಡಿಯುವ ನೀರಿನ ಸಂಗ್ರಹ, ಒಳಚರಂಡಿ ಜೋಡಣೆ ಈ ಮೂರಕ್ಕೆ ಕೆಲಸ ಮಾಡಿದ ಗುತ್ತಿಗೆದಾರನೇ ಪರೀಕ್ಷಾ ಪತ್ರಕ್ಕೆ ಸಹಿ ಹಾಕಬೇಕು, ಅದರ ಪ್ರತಿ ಸಂಪರ್ಕದ ಅರ್ಜಿಯೊಡನೆ ಹೋಗಬೇಕು. ಸಹಿ ಹಾಕಿದ ಕೆಲಸಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೆಲವನ್ನು ಆರಿಸಿ ತಪಾಸಣೆ ಮಾಡಿದರೆ ಸಾಕು, ಪ್ರತಿ ಮನೆಗೂ ಇನ್ಸ್‌ಪೆಕ್ಟರ್ ಹೋಗಬೇಕಾಗಿಲ್ಲ. ಹೋಗುವಂತಾದರೆ ಏನಾಗುವುದೆಂದು ವರ್ತಕರಿಗೆ ವಿವರಿಸಬೇಕಿಲ್ಲ.

ಅತ್ಯಂತ ಎಚ್ಚರ ಬೇಕಾದದ್ದು ಅರ್ಹತೆಯ ವಿಷಯದಲ್ಲಿ. ಐ.ಟಿ.ಐ.ಗಳಲ್ಲಿ ಪ್ಲಂಬರ್ ಕಸಬಿಗೆ ಒಂದು ವರ್ಷದ ತರಬೇತಿ ಇದೆ. ಆದರೆ ನಗರದಲ್ಲಿ ಇಂದು ಈ ಕೆಲಸ ನಡೆಸುತ್ತಿರುವವರಲ್ಲಿ ಬಹುಮಂದಿ ಐ.ಟಿ.ಐ. ಮೆಟ್ಟಿಲು ಹತ್ತಿದವರಲ್ಲ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯಿಂದ ದೇಶದ ಎಲ್ಲ ದೊಡ್ಡ ನಗರಗಳಿಗೂ ಹೋದಂತೆ ಬೆಂಗಳೂರಿಗೂ ಬಂದ ಪ್ಲಂಬರುಗಳಿದ್ದಾರೆ. ಅಲ್ಲಿಯ ಪಟ್ಟಾಮುಂಡೈನಲ್ಲಿ ಈ ಕಸಬಿಗೆಂದೇ ಸರ್ಕಾರಿ ತರಬೇತಿ ಸಂಸ್ಥೆಯೊಂದು ನಿಂತಿದೆ. ಅಪ್ಪನ ಕೈಕೆಳಗೆ, ಮಾವನ ಕೈಕೆಳಗೆ ಕಲಿತ ಅವರೂ, ಹಾಗೆಯೇ ಇಲ್ಲಿನ ಮೇಸ್ತ್ರಿಗಳ ಬಳಿ ಕಲಿತ ಕೋಲಾರ, ಮಂಡ್ಯದ ಕಡೆಯ ಹುಡುಗರೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ತೋರಿಸಲಾರರು, ಜೋಡಣೆ ಮಾಡಿ ತೋರಿಸಬಲ್ಲರು. ಲಿಖಿತ ಪರೀಕ್ಷೆಯೊಂದನ್ನೇ ಮಾನದಂಡ ಮಾಡಿದರೆ ಇವರೆಲ್ಲ ಮತ್ತೆ ಸಹಿ ಬಾಡಿಗೆಗೆ ಪಡೆಯುವವರಾಗುತ್ತಾರೆ. ರೋಗ ಇದ್ದಲ್ಲೇ ಉಳಿಯುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅನುಭವದಿಂದ ಬಂದ ಕಲಿಕೆಯನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಅವಕಾಶವಿದೆ. ಪರವಾನಗಿಗೆ ಆ ಪ್ರಮಾಣಪತ್ರವನ್ನು ಒಪ್ಪಿಕೊಂಡು, ಜೊತೆಗೆ ಕೈಕೆಲಸದ ಪರೀಕ್ಷೆ ಮತ್ತು ಕನ್ನಡದಲ್ಲಿ, ಬೇಕಾದವರಿಗೆ ಹಿಂದಿಯಲ್ಲಿ ಬಾಯಿಮಾತಿನ ಪರೀಕ್ಷೆ ಇಟ್ಟರೆ ಯೋಗ್ಯರು ಹೊರಗುಳಿಯುವುದಿಲ್ಲ. ಅರ್ಜಿಯ ವಿಲೇವಾರಿಗೂ ನವೀಕರಣಕ್ಕೂ ಸಕಾಲ ಕಾಯ್ದೆಯ ಮಾದರಿಯ ಕಾಲಮಿತಿ ಇರಬೇಕು. ನವೀಕರಣ ವರ್ಷಕ್ಕೊಮ್ಮೆ ಬೇಡ, ಐದು ವರ್ಷಕ್ಕೊಮ್ಮೆ ಸಾಕು.

ಪರೀಕ್ಷೆಯಲ್ಲಿ ಕೇಳಲೇಬೇಕಾದ ಒಂದು ವಿಷಯ ಪೈಪಿನದಲ್ಲ, ಮನುಷ್ಯನದು. ಕಟ್ಟಿಕೊಂಡ ಚೇಂಬರಿಗೆ, ಸೆಪ್ಟಿಕ್ ಟ್ಯಾಂಕಿಗೆ ಕೂಲಿಯವನನ್ನು ಇಳಿಸುವುದು ಅನೇಕ ಕಡೆ ಪ್ಲಂಬಿಂಗ್ ಕೆಲಸದ ಭಾಗವೆಂದೇ ನಡೆದುಬಂದಿದೆ. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಎಷ್ಟೋ ಗುತ್ತಿಗೆದಾರರಿಗೆ ಈ ಕಾನೂನು ಇದೆಯೆಂಬುದೇ ಗೊತ್ತಿಲ್ಲ. ಗೊತ್ತಾಗುವುದು ಪೊಲೀಸರು ಬಂದಾಗ. ಅಷ್ಟರಲ್ಲಿ ಒಂದು ಜೀವ ಹೋಗಿರುತ್ತದೆ.

ರಾಜ್ಯಮಟ್ಟದ ಪರವಾನಗಿಗೆ ನಿಯಮ ರೂಪಿಸಲು ಸಮಯ ಹಿಡಿದೀತು. ಅಲ್ಲಿಯವರೆಗೆ ಜಲಮಂಡಳಿಯು ಎರಡು ಕೆಲಸಗಳನ್ನು ತನ್ನ ಅಧಿಕಾರದಲ್ಲೇ ಮಾಡಬಹುದು: ಪರವಾನಗಿ ಪಡೆದವರ ಹೆಸರು, ಸಂಖ್ಯೆ, ಅವಧಿಗಳನ್ನು ಸಾರ್ವಜನಿಕರಿಗೆ ಸುಲಭವಾಗಿ ಸಿಗುವಂತೆ ಕನ್ನಡದಲ್ಲಿ ಪ್ರಕಟಿಸುತ್ತಿರುವುದು, ಮತ್ತು ಐದನೆಯ ಹಂತದ ಹೊಸ ಸಂಪರ್ಕಗಳ ಅರ್ಜಿಯಲ್ಲಿ ಒಳಗಿನ ಕೆಲಸ ಮಾಡಿದವನ ಹೆಸರಿಗೆ ಒಂದು ಅಂಕಣ ಸೇರಿಸುವುದು. ವರ್ತಕರ ಕೈಯಲ್ಲಿರುವುದು ಇನ್ನೂ ಸುಲಭ. ಪೈಪಿನ ಬಿಲ್ಲಿನಲ್ಲೂ ವಾರಂಟಿ ಪತ್ರದಲ್ಲೂ ಜೋಡಣೆ ಮಾಡುವವನ ಹೆಸರು ಮತ್ತು ಇದ್ದರೆ ಪರವಾನಗಿ ಸಂಖ್ಯೆಯನ್ನು ಬರೆದುಕೊಳ್ಳಲು ಒಂದು ಸಾಲನ್ನು ಖಾಲಿ ಬಿಡಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಮುಂದಿನ ಬಿಲ್ ಪುಸ್ತಕ ಅಚ್ಚಿಗೆ ಕೊಡುವಾಗ ಮುದ್ರಕನಿಗೆ ಹೇಳಿದರಾಯಿತು.